ಲೆಕ್ಚರ್ ಕೇಳಿದರೆ ಶೇ. 5 ಮಾತ್ರ ನೆನಪಿರುತ್ತದಾ?

ಪ್ರಶ್ನೆ: ಮೇಡಂ, ಲೆಕ್ಚರ್ ಕೇಳಿದ್ರೆ ನೂರಕ್ಕೆ ಐದು ಭಾಗ ಮಾತ್ರ ತಲೇಲಿ ಉಳಿಯುತ್ತೆ, ಬೇರೆಯವರಿಗೆ ಹೇಳಿಕೊಟ್ರೆ ತೊಂಬತ್ತು ಉಳಿಯುತ್ತೆ ಅಂತಾರೆ. ಹಾಗಾದ್ರೆ ಕ್ಲಾಸಿಗೆ ಹೋಗೋದು ವೇಸ್ಟ್ ಅಲ್ವಾ?

ಪ್ರತಿ ಸೆಮಿಸ್ಟರ್ ಶುರುವಾದಾಗಲೂ ಯಾರಾದರೂ ಇದನ್ನು ಕೇಳುತ್ತಾರೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಪಾಠ ಮಾಡುವವರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ: ಆ ಅಂಕಿಗಳನ್ನು ನಂಬಬೇಡಿ. ಅವುಗಳ ಹಿಂದೆ ಇದೆ ಎನ್ನುವ ಸಂಶೋಧನೆಯನ್ನು ಇವತ್ತಿನವರೆಗೆ ಯಾರೂ ತೋರಿಸಿಲ್ಲ.

ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಬಣ್ಣಬಣ್ಣದ ಪಿರಮಿಡ್. ತುದಿಯಲ್ಲಿ ಲೆಕ್ಚರ್ ಶೇ. 5. ಕೆಳಗೆ ಓದು 10, ನೋಡಿ ಕೇಳುವುದು 20, ಪ್ರಾತ್ಯಕ್ಷಿಕೆ 30, ಚರ್ಚೆ 50, ಮಾಡಿ ಕಲಿಯುವುದು 75. ತಳದಲ್ಲಿ ಇನ್ನೊಬ್ಬರಿಗೆ ಕಲಿಸುವುದು 90. ಅಂಕಿಗಳನ್ನು ಒಮ್ಮೆ ಸರಿಯಾಗಿ ನೋಡಿ. ಎಲ್ಲವೂ ಐದರ, ಹತ್ತರ ಲೆಕ್ಕದಲ್ಲೇ ಬಂದಿವೆ. ನಿಜವಾದ ಹುಡುಗರಿಗೆ ನಿಜವಾದ ಟೆಸ್ಟ್ ಕೊಟ್ಟರೆ ಇಷ್ಟು ಚೊಕ್ಕವಾಗಿ ಬರುತ್ತದಾ?

ಈ ಪಿರಮಿಡ್ಡಿಗೆ ಎಡ್ಗರ್ ಡೇಲ್ ಅವರ ಹೆಸರು ಅಂಟಿಸುತ್ತಾರೆ. ಅವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1946ರಲ್ಲಿ ಒಂದು ಶಂಕುವಿನ ಚಿತ್ರ ಕೊಟ್ಟಿದ್ದು ನಿಜ. ನೇರ ಅನುಭವದಿಂದ ಬರೀ ಮಾತಿನವರೆಗೆ ಕಲಿಕೆಯ ಅನುಭವಗಳನ್ನು ಅದರಲ್ಲಿ ಜೋಡಿಸಿದ್ದರು. ಆದರೆ ಶೇಕಡಾವಾರು ಒಂದೂ ಇರಲಿಲ್ಲ. ಅವನ್ನು ಆಮೇಲೆ ಬೇರೆಯವರು ಸೇರಿಸಿದರು. ಪಿರಮಿಡ್ ತಮ್ಮದೆಂದು ಹೇಳಿಕೊಂಡ ಅಮೆರಿಕದ ನ್ಯಾಷನಲ್ ಟ್ರೈನಿಂಗ್ ಲ್ಯಾಬೊರೇಟರೀಸ್ ಸಂಸ್ಥೆಯನ್ನು ಕೇಳಿದರೆ, ಮೂಲ ಸಂಶೋಧನೆ ನಮ್ಮ ಹತ್ತಿರ ಈಗ ಇಲ್ಲ, ಹುಡುಕಿದರೂ ಸಿಗುತ್ತಿಲ್ಲ ಎಂದು ಅವರೇ ಉತ್ತರ ಕೊಟ್ಟಿದ್ದಾರೆ.

ಮೂಲ ಸಿಕ್ಕರೂ ಈ ಲೆಕ್ಕ ನಿಲ್ಲುವುದಿಲ್ಲ. ಐದು ಭಾಗ ಅಂದರೆ ಯಾವುದರ ಐದು ಭಾಗ? ಯಾವ ವಿಷಯ? ಮರುದಿನ ಕೇಳಿದ್ದಾ, ಮುಂದಿನ ತಿಂಗಳು ಕೇಳಿದ್ದಾ? ಇನ್ನೊಬ್ಬರಿಗೆ ಕಲಿಸಬೇಕಾದರೆ ಮೊದಲು ನೀವು ಓದಿರಬೇಕು, ಕೇಳಿರಬೇಕು. ಆಗ ಆ ತೊಂಬತ್ತರಲ್ಲಿ ಓದಿನ ಪಾಲೆಷ್ಟು, ಕಲಿಸಿದ್ದರ ಪಾಲೆಷ್ಟು? ಇಷ್ಟನ್ನೂ ಕೇಳದೆ ನಮ್ಮ ಶಿಕ್ಷಕರ ತರಬೇತಿಗಳಲ್ಲೇ ಇದನ್ನು ಸ್ಲೈಡ್ ಮಾಡಿ ತೋರಿಸುತ್ತಾರೆ. ಪಾಠ ಹೇಳುವ ನಾವೇ ಪುರಾವೆ ಕೇಳದಿದ್ದರೆ ಮಕ್ಕಳಿಗೆ ಏನು ಹೇಳಿಕೊಡುತ್ತೇವೆ?

ಹಾಗಂತ ಪಾಠ ಮಾಡುವ ರೀತಿಯಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಎಂದಲ್ಲ. ಖಂಡಿತ ಆಗುತ್ತದೆ, ಅದಕ್ಕೆ ಗಟ್ಟಿ ಪುರಾವೆಯೂ ಇದೆ. 2014ರಲ್ಲಿ ಅಮೆರಿಕದ ಸಂಶೋಧಕ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಕಾಲೇಜಿನ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬರೀ ಲೆಕ್ಚರ್ ಇದ್ದ ಕಡೆ ನೂರಕ್ಕೆ ಸುಮಾರು 34 ಜನ ಫೇಲ್. ಪ್ರಶ್ನೆ, ಚರ್ಚೆ, ಲೆಕ್ಕ ಬಿಡಿಸುವುದು ಎಲ್ಲ ಸೇರಿದ್ದ ಕಡೆ ಸುಮಾರು 22. ಸುಮ್ನೆ ಕೂತು ಕೇಳುವುದಷ್ಟೇ ಸಾಲದು ಎಂಬುದು ಇದರ ಅರ್ಥ. ಕ್ಲಾಸಿಗೇ ಹೋಗಬೇಡಿ ಎಂದಲ್ಲ.

ಇನ್ನೊಂದು ವಿಷಯ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳ ಅಧ್ಯಯನ ಬಂತು. ತಾವೇ ತಲೆಕೆಡಿಸಿಕೊಂಡು ಲೆಕ್ಕ ಬಿಡಿಸಿದವರು ಟೆಸ್ಟ್‌ನಲ್ಲಿ ಜಾಸ್ತಿ ಅಂಕ ತೆಗೆದರು. ಆದರೆ ಜಾಸ್ತಿ ಕಲಿತೆವು ಎಂದು ಅನಿಸಿದ್ದು ಸೊಗಸಾದ ಲೆಕ್ಚರ್ ಕೇಳಿದವರಿಗೆ! ಆದ್ದರಿಂದ 'ಆ ಸರ್ ಪಾಠ ಸೂಪರ್, ಎಲ್ಲ ಅರ್ಥ ಆಯ್ತು' ಅನಿಸಿದ ದಿನವೇ ನೋಟ್ಸ್ ಮುಚ್ಚಿಟ್ಟು, ಅರ್ಥ ಆಗಿದ್ದನ್ನು ಒಂದು ಹಾಳೆಯಲ್ಲಿ ಬರೆದು ನೋಡಿ.

ಕ್ಲಾಸಿನಲ್ಲಿ ಚರ್ಚೆ ಮಾಡಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ಭಾಷೆಯಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಬಿಎಸ್ಸಿಗೆ ಬಂದವರಿಗೆ 'ಇಂಗ್ಲಿಷಲ್ಲೇ ಮಾತಾಡಿ' ಅಂದರೆ ಚರ್ಚೆ ಅಲ್ಲಿಗೇ ನಿಂತುಹೋಗುತ್ತದೆ. ಒಂದೇ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಬಲ್ಬ್ ಇವೆ, ಯಾವುದರಲ್ಲಿ ಕರೆಂಟ್ ಜಾಸ್ತಿ ಎಂದು ಕೇಳಿ. ಇಂಗ್ಲಿಷಲ್ಲಾದರೆ ಬಾಯಿಪಾಠದ ಓಮ್ ನಿಯಮ ಒಪ್ಪಿಸುತ್ತಾರೆ. ಕನ್ನಡದಲ್ಲಿ ಪಕ್ಕದವರ ಜೊತೆ ಮಾತಾಡಲು ಬಿಟ್ಟರೆ 'ಮೊದಲ್ನೇ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತೆ ಕಣೋ' ಎಂಬ ಮಾತು ಹೊರಗೆ ಬರುತ್ತದೆ. ತಪ್ಪು ಎಲ್ಲಿದೆ ಎಂದು ನನಗೆ ಕಾಣುವುದು ಆಗಲೇ. ಎರಡು ಬಲ್ಬಿನಲ್ಲೂ ಹರಿಯುವ ಕರೆಂಟ್ ಒಂದೇ ಎಂದು ಕರೆಂಟ್ ಅಳೆಯುವ ಆಮೀಟರ್ ಇಟ್ಟು ಅಲ್ಲೇ ತೋರಿಸಬಹುದು. ಪರೀಕ್ಷೆಯಲ್ಲಿ ಇಂಗ್ಲಿಷಲ್ಲೇ ಬರೆಯಬೇಕಲ್ಲ ಅನ್ನುವವರಿಗೂ ದಾರಿಯಿದೆ. ಚರ್ಚೆ ಮುಗಿದ ಮೇಲೆ ಐದು ನಿಮಿಷ ಕೊಟ್ಟು ಅದೇ ಉತ್ತರವನ್ನು ಇಂಗ್ಲಿಷಲ್ಲಿ ಬರೆಸಿ. ನಾನು ಹಾಗೇ ಮಾಡುತ್ತೇನೆ, ಹುಡುಗರು ಚೆನ್ನಾಗಿಯೇ ಬರೆಯುತ್ತಾರೆ.