‘ಇವಾನ್ ದಿ ಟೆರಿಬಲ್’: ಒಂದನೆಯ ಭಾಗಕ್ಕೆ ಬಹುಮಾನ, ಎರಡನೆಯದಕ್ಕೆ ಬೀಗ

ಸೆನ್ಸಾರ್ ಎಂದೊಡನೆ ನಮಗೆ ಕತ್ತರಿ ನೆನಪಾಗುತ್ತದೆ. ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಅವರ ಈ ಚಿತ್ರವನ್ನು ಅಭ್ಯಾಸ ಮಾಡುವಾಗ ಆ ಕತ್ತರಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಹದಿನಾರನೆಯ ಶತಮಾನದ ರಷ್ಯಾದ ದೊರೆ ಇವಾನ್ ಕೊಲ್ಲಿಸಿದ ಮೇಲೆ ನೊಂದುಕೊಂಡನೇ, ಇಲ್ಲವೇ? ಎರಡನೆಯ ಭಾಗದ ಬಗ್ಗೆ ಸ್ಟಾಲಿನ್‌ಗಿದ್ದ ತಕರಾರಿನ ಬೇರು ಈ ಪ್ರಶ್ನೆಯಲ್ಲಿದೆ.

ಮೊದಲು ತಯಾರಿಕೆ. ಜರ್ಮನ್ ಸೈನ್ಯ ಮಾಸ್ಕೋವನ್ನು ಸಮೀಪಿಸಿದಾಗ, 1941ರ ಅಕ್ಟೋಬರಿನಲ್ಲಿ, ಸ್ಟುಡಿಯೋ ಕಝಾಕಸ್ತಾನದ ಅಲ್ಮಾ ಅಟಾಕ್ಕೆ ಸ್ಥಳಾಂತರಗೊಂಡಿತು. ಚಿತ್ರೀಕರಣ ಆರಂಭವಾದದ್ದು 1943ರಲ್ಲಿ. ಹಗಲಿನ ವಿದ್ಯುತ್ತು ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಮೀಸಲು. ಆದ್ದರಿಂದ ತ್ಸಾರನ ಆಸ್ಥಾನ ಜೀವ ತಳೆಯುತ್ತಿದ್ದದ್ದು ರಾತ್ರಿಯಲ್ಲಿ. ಹಾಗೆಂದು ‘ವಿದ್ಯುತ್ ಅಭಾವದಿಂದ ನೆರಳು ಹೆಚ್ಚಾಯಿತು’ ಎಂದು ಉತ್ತರಪತ್ರಿಕೆಯಲ್ಲಿ ಬರೆದುಬಿಡಬೇಡಿ. ಗೋಡೆ ತುಂಬುವ ಆ ನೆರಳುಗಳನ್ನು ಒಳಾಂಗಣದ ಛಾಯಾಗ್ರಾಹಕ ಆಂದ್ರೆಯ್ ಮಾಸ್ಕ್ವಿನ್ ಬೇಕೆಂದೇ ಮೂಡಿಸಿದರು. ಸಂಗೀತ ಪ್ರೊಕೊಫಿಯೆವ್ ಅವರದು. ಎರಡನೆಯ ಭಾಗದ ಔತಣ ಮತ್ತು ಕುಣಿತದ ದೃಶ್ಯ ಇದ್ದಕ್ಕಿದ್ದಂತೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಬಳಸಿದ್ದು ಜರ್ಮನರಿಂದ ವಶಪಡಿಸಿಕೊಂಡ ಆಗ್ಫಾ ಫಿಲ್ಮ್.

ಒಂದನೆಯ ಭಾಗಕ್ಕೆ 1946ರ ಆರಂಭದಲ್ಲಿ ಸ್ಟಾಲಿನ್ ಬಹುಮಾನ ಬಂತು. ಅದರ ಸಂಭ್ರಮದ ಕೂಟದಲ್ಲೇ ಐಸೆನ್‌ಸ್ಟೈನ್‌ಗೆ ಹೃದಯಾಘಾತವಾಯಿತು. ಅದೇ ಸೆಪ್ಟೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ನಿರ್ಣಯ ಎರಡನೆಯ ಭಾಗವನ್ನು ಖಂಡಿಸಿತು: ಇವಾನನ ಖಾಸಾ ಪಡೆಯಾದ ಒಪ್ರಿಚ್ನಿಕರು ಅಮೆರಿಕದ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನಂತೆ ಕಾಣುತ್ತಾರೆ, ಗಟ್ಟಿ ಸಂಕಲ್ಪದ ಇವಾನ್ ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನಂತೆ ತಡವರಿಸುತ್ತಾನೆ.

ಈಗ ಎರಡನೆಯ ಭಾಗದ ಒಂದು ದೃಶ್ಯವನ್ನು ನಿಲ್ಲಿಸಿ ನೋಡಿ. ಶಿರಚ್ಛೇದವಾದ ಬೊಯಾರ್ ಶ್ರೀಮಂತರ ಶವಗಳ ಬಳಿ ಇವಾನ್ ಬರುತ್ತಾನೆ, ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಪಶ್ಚಾತ್ತಾಪ ಎಂದುಕೊಳ್ಳುವಷ್ಟರಲ್ಲಿ ನೆಟ್ಟಗಾಗಿ ಒಂದೇ ಮಾತು ಆಡುತ್ತಾನೆ: ‘ಸಾಲದು!’

1947ರ ಫೆಬ್ರುವರಿ 25ರ ರಾತ್ರಿ ಹನ್ನೊಂದಕ್ಕೆ ಐಸೆನ್‌ಸ್ಟೈನ್ ಮತ್ತು ಇವಾನನ ಪಾತ್ರಧಾರಿ ನಿಕೊಲಾಯ್ ಚೆರ್ಕಾಸೊವ್ ಕ್ರೆಮ್ಲಿನ್‌ಗೆ ಹೋದರು. ಎದುರಿಗೆ ಸ್ಟಾಲಿನ್, ಜೊತೆಗೆ ಪಕ್ಷದ ಹಿರಿಯ ನಾಯಕರಾದ ಮೊಲೊಟೊವ್, ಝ್ದಾನೊವ್. ಐದು ದೊಡ್ಡ ಊಳಿಗಮಾನ್ಯ ಮನೆತನಗಳನ್ನು ಪೂರ್ತಿ ಮುಗಿಸದೆ ಉಳಿಸಿದ್ದೇ ಇವಾನನ ತಪ್ಪು, ಅವನಿಗೆ ದೇವರು ಅಡ್ಡ ಬಂದ ಎಂದರು ಸ್ಟಾಲಿನ್. ಮೇಲಿನ ದೃಶ್ಯದ ಪಕ್ಕದಲ್ಲಿ ಈ ಮಾತನ್ನು ಇಟ್ಟು ನೋಡಿ. ‘ಸಾಲದು’ ಎಂಬಲ್ಲಿ ನಿರ್ದೇಶಕರಿಗೂ ಸ್ಟಾಲಿನ್‌ಗೂ ಭಿನ್ನಾಭಿಪ್ರಾಯವೇ ಇಲ್ಲ! ಅದಕ್ಕೆ ಮುಂಚಿನ ಆ ಪ್ರಾರ್ಥನೆಯ ಗಳಿಗೆ ಸ್ಟಾಲಿನ್‌ಗೆ ಸಹನೆಯಾಗಲಿಲ್ಲ ಎಂಬುದು ನನ್ನ ಓದು. ನಿರ್ಣಯದ ಪಠ್ಯಕ್ಕಿಂತ ಈ ಮಾತುಕತೆಯೇ ನಮಗೆ ಹೆಚ್ಚು ಕಲಿಸುತ್ತದೆ.

ಅಲ್ಲಿ ಗಡ್ಡದ ವಿಚಾರವೂ ಬಂತು. ಇವಾನ್ ಗಡ್ಡ ತೋರಿಸಲೆಂದೇ ಪದೇ ಪದೇ ತಲೆಯೆತ್ತುತ್ತಾನೆ ಎಂದು ಝ್ದಾನೊವ್ ಆಕ್ಷೇಪಿಸಿದರು. ಮುಂದೆ ಗಿಡ್ಡ ಮಾಡುವುದಾಗಿ ಐಸೆನ್‌ಸ್ಟೈನ್ ಒಪ್ಪಿಕೊಂಡರು. ಚಿತ್ರವನ್ನು ತಿದ್ದಲು ಅನುಮತಿ ಸಿಕ್ಕಿತಾದರೂ 1948ರ ಫೆಬ್ರುವರಿಯಲ್ಲಿ, ಐವತ್ತನೆಯ ವಯಸ್ಸಿಗೆ, ಅವರು ತೀರಿಕೊಂಡರು. ಮೂರನೆಯ ಭಾಗಕ್ಕೆಂದು ಚಿತ್ರಿಸಿದ್ದರಲ್ಲಿ ತುಣುಕುಗಳಷ್ಟೇ ಉಳಿದಿವೆ. ಎರಡನೆಯ ಭಾಗ ತೆರೆ ಕಂಡದ್ದು 1958ರಲ್ಲಿ, ಸ್ಟಾಲಿನ್ ಸತ್ತು ಐದು ವರ್ಷಗಳಾದ ಮೇಲೆ. ಗಡ್ಡ ಮೊದಲಿದ್ದಷ್ಟೇ ಉದ್ದವಾಗಿತ್ತು.