ವಿಕಿಡೇಟಾದಲ್ಲಿ ಸರಿಯಾದ ಪ್ರಾಪರ್ಟಿ ಹುಡುಕುವುದು ಇಷ್ಟು ಕಷ್ಟವೇಕೆ?

ವಿಕಿಡೇಟಾ ಎಲ್ಲರೂ ತಿದ್ದಬಹುದಾದ ಮುಕ್ತ ದತ್ತಸಂಚಯ. ಅದರಲ್ಲಿ ಪ್ರತಿ ಬಗೆಯ ಮಾಹಿತಿಗೂ ‘ಪಿ’ಯಿಂದ ಶುರುವಾಗುವ ಸಂಖ್ಯೆಯ ಒಂದು ಖಾನೆಯಿದೆ, ಅದೇ ಪ್ರಾಪರ್ಟಿ. ವಿಜಯಪುರದ ಗೋಳಗುಮ್ಮಟದ ಮಾಹಿತಿ ತುಂಬಲು ಕೂತವರು ಮೊದಲು ಎಡವುವುದು ‘ಎತ್ತರ’ದಲ್ಲೇ. ಕಟ್ಟಡದ ಎತ್ತರಕ್ಕೆ ಪಿ2048, ಸಮುದ್ರಮಟ್ಟದಿಂದ ಇರುವ ಎತ್ತರಕ್ಕೆ ಪಿ2044. ಎರಡೂ ಮೀಟರ್ ಲೆಕ್ಕವನ್ನೇ ಒಪ್ಪುವುದರಿಂದ ಅದಲುಬದಲಾದರೂ ದಾಖಲೆ ಸಲೀಸಾಗಿ ಉಳಿದುಬಿಡುತ್ತದೆ.

2012ರ ಅಕ್ಟೋಬರ್ 29ರಂದು ಶುರುವಾದಾಗ ವಿಕಿಡೇಟಾದ ಕೆಲಸ ಬೇರೆಬೇರೆ ಭಾಷೆಯ ವಿಕಿಪೀಡಿಯ ಪುಟಗಳನ್ನು ಒಂದಕ್ಕೊಂದು ಜೋಡಿಸುವುದಷ್ಟೇ ಆಗಿತ್ತು. ಪ್ರಾಪರ್ಟಿಗಳು ಬಂದದ್ದು 2013ರಲ್ಲಿ. ಹೊಸ ಐಟಂ (ಒಂದು ಊರು, ಕಟ್ಟಡ ಅಥವಾ ವ್ಯಕ್ತಿಯ ದಾಖಲೆ) ಯಾರಾದರೂ ಸೃಷ್ಟಿಸಬಹುದು. ಪ್ರಾಪರ್ಟಿಗೆ ಮಾತ್ರ ಪ್ರಸ್ತಾವ, ಚರ್ಚೆ, ಹಕ್ಕುಳ್ಳವರ ಒಪ್ಪಿಗೆ ಬೇಕು. ಇಷ್ಟು ಬಿಗಿಯಿದ್ದೂ ಅವುಗಳ ಸಂಖ್ಯೆ 12,000 ದಾಟಿದೆ. ಅರ್ಧಕ್ಕಿಂತ ಹೆಚ್ಚಿನವು ಹೊರಗಿನ ದತ್ತಸಂಚಯಗಳ ಗುರುತುಸಂಖ್ಯೆಗಳು. ಪಟ್ಟದಕಲ್ಲಿನ ವಿಶ್ವಪರಂಪರೆ ಸಂಖ್ಯೆ 239 ತುಂಬುವ ಪಿ757 ಅಂಥದ್ದೊಂದು. ವಿಷಯವಾರು ಪಟ್ಟಿಯ ಪುಟಗಳಿಗೆ ಈ ರಾಶಿ ಹಿಡಿಸುವಂಥದ್ದಲ್ಲ.

2015ರಲ್ಲಿ ಸ್ಪಾರ್ಕಲ್ ಎಂಬ ಪ್ರಶ್ನೆಭಾಷೆಯಲ್ಲಿ ಬೇಕಾದ ಮಾಹಿತಿಯನ್ನು ಕೇಳಿ ಪಡೆಯುವ ಸೇವೆ ಬಂದಮೇಲೆ ದಾರಿ ತೆರೆಯಿತು. ಪ್ರಾಪರ್ಟಿಯ ಪುಟದಲ್ಲೇ ಅದರ ಮೇಲಿನ ಪ್ರಾಪರ್ಟಿ (ಪಿ1647), ಸಂಬಂಧಿಸಿದವು (ಪಿ1659), ಬಳಕೆಯ ಉದಾಹರಣೆ (ಪಿ1855) ದಾಖಲಾಗುವುದರಿಂದ ಅವನ್ನು ಒಟ್ಟಿಗೆ ಸೆಳೆಯಬಹುದಾಯಿತು. ಪ್ರಾಪ್‌ಬ್ರೌಸ್, ಸ್ಕ್ವಿಡ್ ಮುಂತಾದ ಸಾಧನಗಳು ಹುಡುಕಾಟವನ್ನು ಹಗುರ ಮಾಡಿವೆ.

ಕನ್ನಡದವರಿಗೆ ಇಂಥ ಹುಡುಕುವ ಸಾಧನವನ್ನು ಕಟ್ಟುವಾಗ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಪ್ರಶ್ನೆಯಲ್ಲಿ ಕನ್ನಡ ಲೇಬಲ್ (ಕನ್ನಡದಲ್ಲಿ ಕೊಟ್ಟ ಹೆಸರು) ಕಡ್ಡಾಯವೆಂದು ಬರೆದರೆ, ಅದಿಲ್ಲದ ಪ್ರಾಪರ್ಟಿಗಳೆಲ್ಲ ಪಟ್ಟಿಯಿಂದಲೇ ಮಾಯ. ಕನ್ನಡ ಲೇಬಲನ್ನು ‘ಆಪ್ಷನಲ್’ (ಇದ್ದರೆ ತಾ, ಇಲ್ಲದಿದ್ದರೆ ಬಿಡು ಎನ್ನುವ ಭಾಗ) ಒಳಗಿಟ್ಟು, ಇಲ್ಲದಲ್ಲಿ ಇಂಗ್ಲಿಷ್ ತೋರಿಸಬೇಕು. ಪರ್ಯಾಯ ಹೆಸರುಗಳನ್ನೂ ತರಬೇಕು. ಹುಡುಕಾಟದಲ್ಲಿ ಇನ್ನೊಂದು ಕಣ್ಣಿಗೆ ಕಾಣದ ಕಾಟವಿದೆ: ‘ಕೋ’ದ ಓತ್ವ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿಬಿಡಿ ಚಿಹ್ನೆಗಳಾಗಿಯೂ ಬರಬಹುದು. ತೆರೆಯ ಮೇಲೆ ಒಂದೇ ಥರ ಕಂಡರೂ ಹೋಲಿಕೆಯಲ್ಲಿ ತಾಳೆಯಾಗುವುದಿಲ್ಲ. ಲೇಬಲ್, ಟೈಪ್ ಮಾಡಿದ ಪದ ಎರಡನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ತಂದು, ಅಕ್ಷರಗಳ ನಡುವಿನ ಶೂನ್ಯ ಅಗಲದ ಚಿಹ್ನೆಗಳನ್ನು ತೆಗೆದುಹಾಕಿ ಆಮೇಲೆ ಹೋಲಿಸಬೇಕು. ಇದನ್ನು ಮಾಡದೆ ಬಿಟ್ಟರೆ ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಪ್ರತಿ ಅಕ್ಷರ ಒತ್ತಿದಾಗಲೂ ಸರ್ವರ್ ಕೇಳುವುದು ಬೇಡ. ಪ್ರಶ್ನೆಗೆ 60 ಸೆಕೆಂಡುಗಳ ಮಿತಿಯಿದೆ. ಬಳಕೆಯ ಎಣಿಕೆಯಂಥ ಭಾರದ ಪ್ರಶ್ನೆಗಳು ಅಲ್ಲಿ ಮುಗ್ಗರಿಸುತ್ತವೆ. ದಿನಕ್ಕೊಮ್ಮೆ ಪಟ್ಟಿಯನ್ನು ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವ ಪಠ್ಯರೂಪ) ಕಡತವಾಗಿ ಇಳಿಸಿಟ್ಟರೆ ಸೋಸುವುದು ಬ್ರೌಸರಿನಲ್ಲೇ ಆಗುತ್ತದೆ. ಗುರುತುಸಂಖ್ಯೆಯ ಪ್ರಾಪರ್ಟಿಗಳನ್ನು ಮೊದಲಿಗೆ ಮರೆಮಾಡಿಡಿ.

ಪ್ರಾಪರ್ಟಿಯನ್ನು ಎಲ್ಲಿ ಬಳಸಬೇಕೆಂಬುದೂ ಕಾಣಬೇಕು. ಅದು ಪಿ2302ರ ನಿರ್ಬಂಧಗಳಲ್ಲಿ ಸಿಗುತ್ತದೆ. ಕಾಲ ಸರಿದಂತೆ ಮೌಲ್ಯ ಬದಲಾಗುವ ಪ್ರಾಪರ್ಟಿಗಳೂ ಇವೆ: ಬಾಗಲಕೋಟೆ ಜಿಲ್ಲೆ ವಿಜಯಪುರದಿಂದ ಬೇರೆಯಾದದ್ದು 1997ರಲ್ಲಿ. ಆದ್ದರಿಂದ ಬಾದಾಮಿಯ ಪಿ131ರಲ್ಲಿ (ಯಾವ ಆಡಳಿತ ಪ್ರದೇಶಕ್ಕೆ ಸೇರಿದೆ) ಹಳೆಯ ಜಿಲ್ಲೆಯನ್ನು ಅಳಿಸದೆ, ಅದಕ್ಕೆ ಪಿ582 (ಮುಕ್ತಾಯ), ಹೊಸದಕ್ಕೆ ಪಿ580 (ಆರಂಭ) ಕ್ವಾಲಿಫೈಯರ್, ಅಂದರೆ ಹೇಳಿಕೆಗೆ ಅಂಟಿಸುವ ಉಪಮಾಹಿತಿ, ಹಾಕಬೇಕು. ಬೆಳಗಾವಿ, ವಿಜಯಪುರಗಳ ಹೆಸರು 2014ರ ನವೆಂಬರ್ 1ರಂದು ಬದಲಾದದ್ದಕ್ಕೂ ಪಿ1448ರ (ಅಧಿಕೃತ ಹೆಸರು) ಜೊತೆ ಇದೇ ಕ್ರಮ.