ಬಾಗಿಲ ಸಂದಿಯ ಕರಿ ಗೆರೆ

ಹೋದ ಚಳಿಗಾಲದಲ್ಲಿ ಮಗಳು ಅಮೆರಿಕದ ಮಿನೆಸೋಟಾದಿಂದ ಒಂದು ಫೋಟೋ ಕಳಿಸಿದ್ದಳು. ಮಲಗುವ ಕೋಣೆಯ ಬಾಗಿಲು, ಅದರ ಕೆಳಗೆ ತಿಳಿ ಬಣ್ಣದ ಕಾರ್ಪೆಟ್. ಮುಚ್ಚಿದ ಬಾಗಿಲು ಎಲ್ಲಿ ನಿಲ್ಲುತ್ತದೋ ಸರಿಯಾಗಿ ಅಲ್ಲೇ ಒಂದು ಕರಿ ಗೆರೆ. ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗಿತ್ತು.

ಆಮೇಲೆ ಫೋನ್ ಬಂತು. "ಅಪ್ಪಾ, ದಿನಾ ಮಷಿನ್ ಹಚ್ಚಿ ಧೂಳ ತಗೀತೀನಿ, ಮರುದಿನ ಮತ್ತ ಅಷ್ಟೇ. ಹೊರಗ ಮಂಜು. ಬಾಗ್ಲಾ, ಕಿಟಕಿ ಎಲ್ಲಾ ಮುಚ್ಚೇವು. ಎಲ್ಲಿಂದ ಬರ್ತದ ಇದು? ಈ ಗೆರಿ ಅಂತೂ ತಿಕ್ಕಿದ್ರೂ ಹೋಗವಲ್ದು."

ನಮ್ಮ ಬೀಗತಿ ಆಗ ಅಲ್ಲೇ ಇದ್ದರು. ಹೊಸ್ತಿಲ ಜಾಗದಲ್ಲಿ ಕರಿ ಗೆರೆ ಕಂಡು ಅವರಿಗೆ ಹೆದರಿಕೆಯಾಗಿತ್ತು. "ಯಾರ್ದೋ ದೃಷ್ಟಿ ಆಗೇದವಾ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದರು. ಬೆಳಿಗ್ಗೆ ಎರಡು, ಸಂಜೆ ಎರಡು ಊದಿನಕಡ್ಡಿ ಜಾಸ್ತಿ ಹಚ್ಚತೊಡಗಿದರು. ಹದಿನೈದು ದಿನದಲ್ಲಿ ಗೆರೆ ಇನ್ನಷ್ಟು ಕಪ್ಪಾಯಿತು. ಹೆದರಿಕೆಯೂ ಜಾಸ್ತಿಯಾಯಿತು.

ಹೆದರಿಕೆ ಹೀಗೆ ಬೆಳೆಯೋದು ನೋಡಿದರೆ ನನಗೆ ಸಂಕಟವಾಗುತ್ತದೆ. ಯಾಕಂದ್ರೆ ಆ ಗೆರೆ ಎಳೆದದ್ದು ಅದೇ ಊದಿನಕಡ್ಡಿಯ ಹೊಗೆ. ಅದನ್ನು ಅಲ್ಲಿಗೆ ತಂದದ್ದು ಮನೆ ಬೆಚ್ಚಗಿಡುವ ಯಂತ್ರ.

ಮೊದಲು ನಮ್ಮ ಧೂಳಿನ ಮಾತು. ವಿಜಯಪುರದವರಿಗೆ ಧೂಳು ಹೊಸದಲ್ಲ. ನಮ್ಮ ಎರಿ ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಲ್ಲು ಸವೆದು ಆದದ್ದು. ಅದರಲ್ಲಿ ಬಹಳ ಕಡೆ ಅರ್ಧಕ್ಕರ್ಧ ಜೇಡಿ ಕಣಗಳೇ. ಜೇಡಿ ಕಣ ಅಂದ್ರೆ 2 ಮೈಕ್ರಾನ್‌ಗಿಂತ ಚಿಕ್ಕದು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಹೋಲಿಸಿ ನೋಡಿ. ಬೇಸಿಗೆಯಲ್ಲಿ ಒಂದು ಸುಂಟರಗಾಳಿ ಎದ್ದರೆ ಸಾಕು, ಪಡಸಾಲೆ ತುಂಬ ಆ ಮಣ್ಣು. "ಧೂಳಂದ್ರೆ ಬರೀ ಸತ್ತ ಚರ್ಮ" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ. ಅದನ್ನು ನಂಬಬೇಡಿ. ಚರ್ಮವೂ ಇದೆ ನಿಜ. ಜೊತೆಗೆ ಹೊರಗಿನ ಮಣ್ಣು, ಬಟ್ಟೆಯ ಎಳೆ, ಅಡುಗೆಯ ಹೊಗೆ ಎಲ್ಲವೂ ಇವೆ.

ರಾಶಿ ಮಾಡುವ ಕಣದಲ್ಲಿ ಜೋಳ ತೂರುವುದನ್ನು ನೋಡಿದವರಿಗೆ ಧೂಳಿನ ಅರ್ಧ ಶಾಸ್ತ್ರ ಗೊತ್ತಿದ್ದಂತೆ. ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ಹಾರಿ ದೂರ ಹೋಗುತ್ತದೆ. ಐರ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಸಣ್ಣ ಕಣ ಬೀಳುವ ವೇಗಕ್ಕೆ ಲೆಕ್ಕ ಕೊಟ್ಟರು. ಕಣದ ಅಗಲ ಹತ್ತು ಪಟ್ಟು ಕಡಿಮೆಯಾದರೆ ಬೀಳುವ ವೇಗ ನೂರು ಪಟ್ಟು ಕಡಿಮೆ. ಅಲುಗದ ಗಾಳಿಯಲ್ಲಿ, ಹತ್ತು ಅಡಿ ಎತ್ತರದಿಂದ, 100 ಮೈಕ್ರಾನ್‌ನ ಮಣ್ಣಿನ ಕಣ ಐದಾರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನ್‌ನದಕ್ಕೆ ಸುಮಾರು ಆರು ನಿಮಿಷ ಬೇಕು. 1 ಮೈಕ್ರಾನ್‌ನದಕ್ಕೆ ಸುಮಾರು ಒಂಬತ್ತು ತಾಸು! ಹಾಗಾಗಿ ಒಣ ಕಸಬರಿಗೆಯಿಂದ ಗುಡಿಸಿ, ಕೂಡಲೇ ಫ್ಯಾನ್ ಹಾಕಿದರೆ ಸಣ್ಣ ಧೂಳು ಕೆಳಗೆ ಬರುವ ಮಾತೇ ಇಲ್ಲ. ಫ್ಯಾನ್ ನಿಲ್ಲಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ನೀರು ಕಣವನ್ನು ಹಿಡಿಯುತ್ತದೆ, ಕಸಬರಿಗೆ ಎಬ್ಬಿಸುತ್ತದೆ.

ಯಂತ್ರ ತಂದರೂ ಇದೇ ತಪ್ಪು ಆಗಬಹುದು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಒಂದು ಯಂತ್ರದ ಪ್ರದರ್ಶನ ನೋಡಿದರು. ಅದು ಗಾಳಿ ಊದಿ ಧೂಳು ಎಬ್ಬಿಸುವ ಯಂತ್ರ. ಊದುವ ಬದಲು ಹೀರಬಾರದೇಕೆ ಅಂತ ಅವರಿಗನಿಸಿತು. ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಂದಲೇ ಜೋರಾಗಿ ಉಸಿರೆಳೆದು ನೋಡಿದರು. ಬಟ್ಟೆಯ ಅಡಿಯಲ್ಲಿ ಕಪ್ಪು ಕಲೆ ಮೂಡಿತ್ತು. ಎಂಜಿನ್ನಿಂದ ಓಡುವ ಅವರ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದು ಹೀಗೆ. ಆದರೆ ಹೀರಿದ ಗಾಳಿ ಮತ್ತೆ ಹೊರಗೆ ಬರಲೇಬೇಕಲ್ವಾ? ಒಳಗಿನ ಚೀಲ ಸಾಧಾರಣದ್ದಾದರೆ ದಪ್ಪ ಕಸ ಉಳಿಯುತ್ತದೆ, ನುಣ್ಣನೆಯ ಧೂಳು ಹಿಂದಿನಿಂದ ಕೋಣೆಗೇ ವಾಪಸ್. ಮಗಳ ಮಷಿನ್ ಮಾಡುತ್ತಿದ್ದದ್ದು ಅದನ್ನೇ.

ಈಗ ಗೆರೆಗೆ ಬರೋಣ. ಮಿನೆಸೋಟಾದ ಅವಳ ಮನೆ ಬೆಚ್ಚಗಾಗುವುದು ಓಡಾಡುವ ಗಾಳಿಯಿಂದ. ನೆಲಮಾಳಿಗೆಯಲ್ಲಿ ಗ್ಯಾಸ್ ಉರಿಯುವ ಫರ್ನೇಸ್ ಇದೆ. ಅದರ ಬ್ಲೋವರ್ ಬಿಸಿ ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಕೋಣೆ ಕೋಣೆಗೂ ನೂಕುತ್ತದೆ. ತಣ್ಣಗಾದ ಗಾಳಿ ನಡುಮನೆಯ ದೊಡ್ಡ ಜಾಲರಿಯಿಂದ ವಾಪಸ್ ಇಳಿಯುತ್ತದೆ. ಆ ದಾರಿಯಲ್ಲಿ ಒಂದು ಫಿಲ್ಟರ್. ಮಲಗುವ ಕೋಣೆಗೆ ಗಾಳಿ ಬರುವ ಕಿಂಡಿ ಇದೆ, ವಾಪಸ್ ಹೋಗುವ ಕಿಂಡಿ ಇಲ್ಲ. ರಾತ್ರಿ ಬಾಗಿಲು ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಗಾಳಿಗೆ ಉಳಿದದ್ದು ಒಂದೇ ದಾರಿ, ಬಾಗಿಲ ಕೆಳಗಿನ ಸಂದಿ. ಅಲ್ಲಿ ಅದು ಕಾರ್ಪೆಟ್ ಎಳೆಗಳ ನಡುವೆ ನುಸುಳಬೇಕು. ರಾತ್ರಿಯಿಡೀ ನುಸುಳುತ್ತದೆ, ಮಸಿಯನ್ನು ಎಳೆಗಳಿಗೆ ಬಿಟ್ಟು ಹೋಗುತ್ತದೆ. ಕಾರ್ಪೆಟ್ಟೇ ಫಿಲ್ಟರ್ ಆಗಿಬಿಟ್ಟಿತ್ತು.

ಮಗಳು ಒಳ್ಳೆಯ ಪ್ರಶ್ನೆ ಕೇಳಿದಳು. ಕಾರ್ಪೆಟ್ ಎಳೆಗಳ ಸಂದು ಮಸಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಕಣ ಆರಾಮಾಗಿ ದಾಟಿಹೋಗಬೇಕಿತ್ತು. ಸಿಕ್ಕಿಹಾಕಿಕೊಂಡದ್ದು ಹೇಗೆ?

ಫಿಲ್ಟರ್ ಅಂದ್ರೆ ಹಿಟ್ಟಿನ ಸಾಣಿಗಿ ಅಂತ ಎಲ್ಲರೂ ತಿಳಿದಿದ್ದಾರೆ. ತೂತಿಗಿಂತ ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಗಾಳಿಯ ಫಿಲ್ಟರ್ ಹಾಗೆ ಕೆಲಸ ಮಾಡುವುದೇ ಇಲ್ಲ. ಅದೊಂದು ಎಳೆಗಳ ಕಾಡು. ಗಾಳಿ ಎಳೆಯನ್ನು ಸುತ್ತಿ ಬಳಸಿ ಹೋಗುತ್ತದೆ. ಕಣ ಹಾಗೆ ಹೋಗಬಲ್ಲದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ದಪ್ಪ ಕಣ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಇದ್ದಂತೆ. ರಸ್ತೆ ತಿರುಗಿದರೂ ಅದಕ್ಕೆ ಥಟ್ಟನೆ ತಿರುಗಲು ಆಗದು. ನೇರ ಹೋಗಿ ಎಳೆಗೆ ಗುದ್ದುತ್ತದೆ. ಅದಕ್ಕಿಂತ ಹಗುರಾದದ್ದು ಕಣಿಕಿ ಹೇರಿದ ಚಕ್ಕಡಿ. ದಾರಿ ಬಿಡುವುದಿಲ್ಲ, ಆದರೆ ಪಕ್ಕಕ್ಕೆ ಚಾಚಿದ ದಂಟು ಜಾಲಿ ಗಿಡಕ್ಕೆ ತಾಗಿ ಅಲ್ಲೇ ಉಳಿಯುತ್ತದೆ. ಇನ್ನು ತೀರಾ ಸಣ್ಣ ಕಣ ಇದೆಯಲ್ಲ, ಅದು ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಕಣ್ಣಿ ಹರಿದುಕೊಂಡ ಆಡಿನ ಮರಿ. ಗಾಳಿಯ ಅಣುಗಳು ಎಲ್ಲ ಕಡೆಯಿಂದ ಅದನ್ನು ತಳ್ಳುತ್ತಿರುತ್ತವೆ. ಅತ್ತ ಇತ್ತ ಹಾರುತ್ತ ಅದು ಯಾವುದೋ ಕಂಬಕ್ಕೆ ಬಡಿಯಲೇಬೇಕು. ಇಂಥ ಕುಣಿತವನ್ನು 1827ರಲ್ಲಿ ರಾಬರ್ಟ್ ಬ್ರೌನ್ ನೀರಿನಲ್ಲಿ ಕಂಡಿದ್ದರು. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಲೆಕ್ಕ ಕೊಟ್ಟರು.

ಹಾಗಾದರೆ ತಪ್ಪಿಸಿಕೊಳ್ಳುವವರು ಯಾರು? ನಡುವಿನವರು. ಗುದ್ದುವಷ್ಟು ಭಾರ ಇಲ್ಲ, ಕುಣಿಯುವಷ್ಟು ಹಗುರ ಇಲ್ಲ. ಸೈಕಲ್ ಮೇಲೆ ಸಂದಿ ನೋಡಿ ನುಸುಳುವ ಪೋಸ್ಟ್‌ಮ್ಯಾನ್‌ನಂಥವು. ಆ ಗಾತ್ರ ಸುಮಾರು 0.3 ಮೈಕ್ರಾನ್ ಅಂತ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಲೆಕ್ಕ ಹಾಕಿದರು. ಹೆಪಾ ಅಂತ ತೀರಾ ನುಣ್ಣನೆಯ ಧೂಳು ಹಿಡಿಯುವ ಫಿಲ್ಟರ್‌ಗಳಿವೆ. ಅವನ್ನು ಅಮೆರಿಕದಲ್ಲಿ ಇವತ್ತಿಗೂ ಅದೇ ಗಾತ್ರದಲ್ಲಿ ಪರೀಕ್ಷಿಸುತ್ತಾರೆ, 99.97 ಪ್ರತಿಶತ ಹಿಡಿಯಬೇಕು. ಅದಕ್ಕಿಂತ ಚಿಕ್ಕ ಕಣವನ್ನು ಹೆಪಾ ಬಿಟ್ಟುಬಿಡುತ್ತದೆ ಅನ್ನುವವರಿದ್ದಾರೆ. ತಪ್ಪು. ಚಿಕ್ಕದು ಇನ್ನೂ ಸುಲಭವಾಗಿ ಸಿಗುತ್ತದೆ. ಈ ಒಂದು ಸಂಗತಿ ನನಗೆ ಎಷ್ಟು ಸಲ ಹೇಳಿದರೂ ಹಳಸುವುದಿಲ್ಲ!

ತಾಗಿದ ಮೇಲೆ ಕಣ ಯಾಕೆ ಬಿಡುವುದಿಲ್ಲ? ಅಷ್ಟು ಚಿಕ್ಕ ಲೋಕದಲ್ಲಿ ತೂಕಕ್ಕಿಂತ ಅಂಟು ಜಾಸ್ತಿ. ಅಣುಗಳ ನಡುವಿನ ಈ ಸೆಳೆತಕ್ಕೆ ವ್ಯಾನ್ ಡರ್ ವಾಲ್ಸ್ ಅವರ ಹೆಸರಿದೆ. ಹಲ್ಲಿ ಗಾಜಿನ ಮೇಲೆ ಓಡಾಡುವುದು ಮುಖ್ಯವಾಗಿ ಇದರ ಬಲದಿಂದಲೇ. ತಿಕ್ಕಿದರೂ ಗೆರೆ ಹೋಗದಿರುವುದಕ್ಕೂ ಇದೇ ಕಾರಣ.

ಊದಿನಕಡ್ಡಿಯ ಹೊಗೆಯ ಕಣಗಳು ಬಹುಪಾಲು ಅರ್ಧ ಮೈಕ್ರಾನ್‌ಗಿಂತ ಚಿಕ್ಕವು. ಅಂಥವನ್ನು ಹಿಡಿಯುವ ಫಿಲ್ಟರ್ ಬೇಕು. ಅಮೆರಿಕದಲ್ಲಿ ಫಿಲ್ಟರ್ ಮೇಲೆ ಮರ್ವ್ ಅಂತ ಒಂದು ಸಂಖ್ಯೆ ಇರುತ್ತದೆ. 8 ಇದ್ದರೆ ದಪ್ಪ ಧೂಳಿಗೆ ಸಾಕು, ಮಸಿಗೆ ಸಾಲದು. 13 ಆದರೆ 0.3ರಿಂದ 1 ಮೈಕ್ರಾನ್‌ವರೆಗಿನ ಕಣಗಳಲ್ಲಿ ಕನಿಷ್ಠ ಅರ್ಧ ಹಿಡಿಯುತ್ತದೆ. ಅರ್ಧವೇ ಅಂತ ಮೂಗು ಮುರಿಯಬೇಡಿ. ಅದೇ ಗಾಳಿ ಮತ್ತೆ ಮತ್ತೆ ಬರುತ್ತದೆ. ಎರಡನೇ ಸುತ್ತಿಗೆ ಕಾಲು ಭಾಗ ಉಳಿಯುತ್ತದೆ. ಹೊಸ ಹೊಗೆ ಸೇರದಿದ್ದರೆ, ಐದನೇ ಸುತ್ತಿಗೆ ನೂರಕ್ಕೆ ಮೂರು. ಧೂಳು ಸುತ್ತಿಸುವ ಬ್ಲೋವರ್ ಅದನ್ನು ಹಿಡಿದೂ ಕೊಡುತ್ತದೆ. ಮನೆ ಬೆಚ್ಚಗಾದಾಗಲೂ ನಿಲ್ಲಿಸದೆ ಮೆಲ್ಲಗೆ ಓಡಿಸಿದರೆ ಸುತ್ತು ಜಾಸ್ತಿ. ಕರೆಂಟ್ ಖರ್ಚೂ ಜಾಸ್ತಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಬಿಗಿ ಫಿಲ್ಟರನ್ನು ಬ್ಲೋವರ್ ತಾಳುತ್ತದೆಯೇ ಅಂತ ಮೊದಲು ಕೇಳಿಕೊಳ್ಳಬೇಕು.

ಮಗಳಿಗೆ ಫಿಲ್ಟರ್ ತೆಗೆದು ನೋಡು ಅಂದೆ. ಅದರ ಚೌಕಟ್ಟಿನ ಪಕ್ಕ ಬೆರಳು ತೂರುವಷ್ಟು ಸಂದು ಇತ್ತು. ಸಂದಿನ ಪಕ್ಕದ ತಗಡು ಪೂರ್ತಿ ಕಪ್ಪು. ಸುಲಭದ ದಾರಿ ಇರುವಾಗ ಗಾಳಿ ಎಳೆಗಳ ನಡುವೆ ಯಾಕೆ ಹೋಗುತ್ತದೆ? ಸರಿಯಾದ ಅಳತೆಯ ಫಿಲ್ಟರ್ ತಂದು ಅಂಚಿಗೆ ಪಟ್ಟಿ ಹಾಕಿಸಿದಳು. ವಾಪಸ್ ಕೊಳವೆ ನೆಲಮಾಳಿಗೆಯಲ್ಲಿ ಎರಡು ಕಡೆ ಬಿಟ್ಟುಕೊಂಡು ಅಲ್ಲಿನ ಧೂಳನ್ನೂ ಹೀರುತ್ತಿತ್ತು, ಅದನ್ನೂ ಮುಚ್ಚಿಸಿದಳು. ವ್ಯಾಕ್ಯೂಮ್ ಕ್ಲೀನರ್‌ಗೆ ಹೆಪಾ ಹಾಕಿಸಿದಳು. ರಾತ್ರಿ ಬಾಗಿಲು ಸ್ವಲ್ಪ ತೆರೆದಿಡುತ್ತಾಳೆ. ಊದಿನಕಡ್ಡಿ ಒಂದೇ, ಅದೂ ಅಡುಗೆಮನೆಯ ಹೊಗೆ ಹೊರಗೆ ನೂಕುವ ಫ್ಯಾನ್ ಕೆಳಗೆ.

ಟೀಪಾಯಿ ಮೇಲೆ ಬೆರಳಾಡಿಸಿದರೆ ಈಗ ನಾಲ್ಕನೇ ದಿನಕ್ಕೆ ಗುರುತು ಬೀಳುತ್ತದಂತೆ. ಮೊದಲು ಮರುದಿನವೇ ಬೀಳುತ್ತಿತ್ತು. ಹಳೆಯ ಗೆರೆ ಹೋಗಿಲ್ಲ. ಅಷ್ಟು ಭಾಗ ಕತ್ತರಿಸಿ ಬೇರೆ ತುಂಡು ಕೂಡಿಸಿದ್ದಾರೆ. ಎರಡು ತಿಂಗಳಾಯಿತು, ಅದು ಇನ್ನೂ ತಿಳಿಯಾಗೇ ಇದೆ.

ಬೀಗತಿ ಈಗ ಬಸವನ ಬಾಗೇವಾಡಿಗೆ ವಾಪಸ್ ಬಂದಿದ್ದಾರೆ. ಮೊನ್ನೆ ಫೋನ್ ಮಾಡಿ ಕೇಳಿದರು: "ಹಂಗಾರ ಬೀಗ್ರ, ನಮ್ಮ ದೇವರ ಖೋಲಿ ಗ್ವಾಡಿ ದೀಪದ ಹಿಂದ ಕರ್ರಗಾಗೂದೂ ಇದರಿಂದೇನ್ರಿ?" ಮಸಿ ಅದೇ, ಕಾರಣ ಬೇರೆ ಅಂದೆ. ದೀಪದ ಬಿಸಿ ಗಾಳಿಯಲ್ಲಿರುವ ಕಣವನ್ನು ಬಿಸಿ ಕಡೆಯ ಅಣುಗಳು ಜೋರಾಗಿ ತಳ್ಳುತ್ತವೆ, ತಣ್ಣನೆ ಕಡೆಯವು ಮೆಲ್ಲಗೆ. ಹಾಗಾಗಿ ಕಣ ತಣ್ಣನೆಯ ಗೋಡೆಯ ಕಡೆಗೇ ಸರಿಯುತ್ತದೆ. ದೀಪವನ್ನು ಗೋಡೆಯಿಂದ ಒಂದು ಮೊಳ ಮುಂದೆ ಇಟ್ಟು ನೋಡಿ ಅಂದೆ. ಆ ದಿನವೇ ಸರಿಸಿದರಂತೆ.